ದೂರು ಹೇಳಿದ ಕುದುರೆ

ರೇಕ್ಯಾವಿಕ್, ಐಸ್‌ಲ್ಯಾಂಡ್

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಚಳಿ ಪುರಾಣ ಫೋನಿನಲ್ಲೇ ಜಾಸ್ತಿ ಆಯ್ತು, ಇಲ್ಲಿ ಬೇಡ. ಇವರ ಹಳೇ ಕಾಲದ ದನಕರುಗಳ ವಿಷಯ ಬರೆಯುತ್ತೇನೆ, ನಿನಗೆ ಹಿಡಿಸುತ್ತೆ.

ಸ್ಟೋಂಗ್ ಅಂತ ಒಂದು ಜಾಗವಿದೆ. ಹೆಕ್ಲಾ ಜ್ವಾಲಾಮುಖಿ 1104ರಲ್ಲಿ ಸಿಡಿದಾಗ ಬೂದಿಯಲ್ಲಿ ಹೂತುಹೋಯಿತು ಅಂತ ಹೇಳುವ ಮನೆ. 1939ರಲ್ಲಿ ಅಗೆದರೆ ಕೊಟ್ಟಿಗೆಯೂ ಸಿಕ್ಕಿತು. ಒಂದೊಂದು ಹಸುವಿನ ನಡುವೆ ಕಲ್ಲುಚಪ್ಪಡಿ ನಿಲ್ಲಿಸಿದ್ದಾರೆ. ಚಳಿಗಾಲವಿಡೀ ದನ ಒಳಗೇ. ಬೇಸಿಗೆಯಲ್ಲಿ ಕೊಯ್ದಿಟ್ಟ ಒಣಹುಲ್ಲೇ ಗತಿ. ಹುಲ್ಲು ಸಾಲದು ಅನ್ನಿಸಿದರೆ ಚಳಿಗೆ ಮುಂಚೆಯೇ ಕೆಲವು ದನಗಳನ್ನು ಕಡಿಯುತ್ತಿದ್ದರು. ಒಂದು ಹಸುವಿಗೆ ಆರು ಹೆಣ್ಣುಕುರಿ ಸಮ ಅಂತ ಬೆಲೆ ಕಟ್ಟಿದ್ದರು.

ಬರೀ ಲೆಕ್ಕದ ಜನ ಅಂದುಕೊಳ್ಳಬೇಡ. ಇವರ ಹಳೇ ಕಥೆಗಳಲ್ಲಿ ಗ್ರೆಟ್ಟಿರ್ ಅಂತ ಒಬ್ಬ ಬರುತ್ತಾನೆ. ಬಹಿಷ್ಕಾರ ಹಾಕಿಸಿಕೊಂಡು ಬೆಟ್ಟದ ಕಣಿವೆಯಲ್ಲಿ ಅಡಗಿದ್ದವನು. ಅಲ್ಲಿ ಒಂದು ಕುರಿಮರಿ ಕೊಂದು ತಿಂದ. ತಾಯಿಕುರಿ ರಾತ್ರಿ ರಾತ್ರಿ ಅವನ ಗುಡಿಸಲ ಮೇಲೆ ಹತ್ತಿ ಅರಚುತ್ತಿತ್ತಂತೆ. ಅಂಥ ಗಟ್ಟಿ ಆಳಿಗೂ ನಿದ್ದೆ ಇಲ್ಲ. ಯಾಕಾದರೂ ಕೊಂದೆನೋ ಅಂತ ಪೇಚಾಡಿದ.

ನನ್ನ ತಲೆ ಕೊರೆಯುತ್ತಿರುವುದು ಮಾತ್ರ ಆ ಹಳೇ ಕಥೆಗಳಲ್ಲೇ ಬರುವ ಹ್ರಫ್ನ್‌ಕೆಲ್ ಅನ್ನುವ ಯಜಮಾನನ ಕಥೆ. ಅವನಿಗೆ ಫ್ರೇಫಾಕ್ಸಿ ಅಂತ ಒಂದು ಗಂಡುಕುದುರೆ. ಅದರಲ್ಲಿ ಅರ್ಧ ಪಾಲು ಫ್ರೇ ದೇವರಿಗೆ ಬಿಟ್ಟಿದ್ದ. ಯಾರೇ ಹತ್ತಿದರೂ ಕೊಲ್ಲುತ್ತೇನೆ ಅಂತ ಆಣೆ. ಕುರಿ ಕಾಯೋಕೆ ಸೇರಿದ ಬಡ ಹುಡುಗ ಐನಾರ್‌ಗೆ ಇದನ್ನು ಮೊದಲೇ ಹೇಳಿದ್ದ. ಒಂದು ದಿನ ಕುರಿಗಳು ತಪ್ಪಿಸಿಕೊಂಡವು. ಹುಡುಕೋಕೆ ಕುದುರೆ ಬೇಕು. ಬೇರೆ ಕುದುರೆಗಳೆಲ್ಲ ಓಡಿಹೋದವು, ಇದೊಂದು ಅಲ್ಲಾಡದೆ ನಿಂತಿತ್ತು. ಹತ್ತಿದ. ದಿನವಿಡೀ ಓಡಿಸಿದ. ಇಳಿದ ಕೂಡಲೇ ಕುದುರೆ ಬೆವರು, ಕೆಸರು ಮೆತ್ತಿಕೊಂಡೇ ಯಜಮಾನನ ಬಾಗಿಲಿಗೆ ಹೋಗಿ ಜೋರಾಗಿ ಕೆನೆಯಿತು. ಅವನು ಊಟ ಬಿಟ್ಟು ಎದ್ದು ಬಂದ. ಸಾಕುಮಗನ ಹತ್ತಿರ ಮಾತಾಡುವ ಹಾಗೆ, ಬಂದು ಹೇಳಿದ್ದು ಒಳ್ಳೇದಾಯ್ತು ಅಂದ. ಮಾರನೇ ದಿನ ಕೊಡಲಿ ಹಿಡಿದು ಹೋದ. ಹುಡುಗ ಒಪ್ಪಿಕೊಂಡ. ಆಣೆ ಮಾಡಿರದಿದ್ದರೆ ಒಂದು ಸಲ ಬಿಡುತ್ತಿದ್ದೆ ಅಂತ ಹೇಳಿಯೇ ಕೊಂದ!

ಮುಂದೆ ಹ್ರಫ್ನ್‌ಕೆಲ್‌ನ ಕೈ ಕೆಳಗಾದಾಗ, ಶತ್ರುಗಳು ಆ ಕುದುರೆಯ ತಲೆಗೆ ಚೀಲ ಕಟ್ಟಿ ಬಂಡೆಯಿಂದ ಕೆಳಕ್ಕೆ ತಳ್ಳಿದರು. ಪಾಪ, ಆಣೆ ಮಾಡಿದ್ದು ಅದಾ?

ಐನಾರ್‌ದು ತಪ್ಪೇ ಇಲ್ಲ ಅಂತ ನನ್ನ ವಾದ. ಕುರಿ ಕಳೆದರೂ ಬೈಗುಳ ಅವನಿಗೇ ತಾನೆ? ಅಪ್ಪ ಯಜಮಾನನ ಕಡೆಯೇ ಮಾತಾಡುತ್ತಾರೆ, ಗೊತ್ತು. ಇದನ್ನು ಅವರಿಗೂ ಓದಿ ಹೇಳು, ಏನಂದರು ಅಂತ ಬರಿ.

ನಿನ್ನ ಮಗಳು