ಮೊದಲು ಬಂದು ಕೂರುತ್ತೇವೆ, ಆಮೇಲೆ ರೇಟು ಹೇಳುತ್ತೇವೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಮನೆಯಲ್ಲಿ ನೆಮ್ಮದಿಯಾಗಿ ಕೂರಲು ಒಂದು ಮೂಲೆ ಮಾಡಿಕೊಡಿ ಎಂದು ನೀವು ಫೋನ್ ಮಾಡುತ್ತೀರಿ. ಜಾಗದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸುತ್ತೀರಿ. ನಾವು ಅಳತೆ ಕೇಳಿ ಸಂಜೆಯೊಳಗೆ ರೇಟು ಹೇಳುತ್ತಿದ್ದೆವು. ಬರುವ ತಿಂಗಳ ಒಂದನೇ ತಾರೀಖಿನಿಂದ ಈ ಪದ್ಧತಿ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ನಮ್ಮ ಸಂಘದ ಒಬ್ಬರು ಮೂರು ಸಲ ನಿಮ್ಮ ಮನೆಗೆ ಬಂದು, ಆ ಜಾಗದಲ್ಲಿ ಒಂದೊಂದು ಗಂಟೆ ಕೂರುತ್ತಾರೆ. ಬೆಳಿಗ್ಗೆ ಒಮ್ಮೆ, ಸ್ಕೂಲು-ಆಫೀಸು ಬಿಡುವ ಹೊತ್ತಿಗೆ ಒಮ್ಮೆ, ರಾತ್ರಿ ಊಟ ಆದಮೇಲೆ ಒಮ್ಮೆ. ಇದಕ್ಕೆ 1,500 ರೂಪಾಯಿ ಆಗುತ್ತದೆ. ಆಮೇಲೆ ನಮ್ಮಲ್ಲೇ ಕೆಲಸ ಮಾಡಿಸಿದರೂ ಈ ದುಡ್ಡನ್ನು ಬಿಲ್ಲಿನಲ್ಲಿ ಕಳೆಯುವುದಿಲ್ಲ. ಯಾಕೆ ಹೀಗೆ ಎಂದು ವಿವರವಾಗಿ ಹೇಳಬೇಕು.

ಎರಡು ವರ್ಷದ ಹಿಂದೆ ಸವಳಂಗ ರಸ್ತೆ ಕಡೆಯ ಒಂದು ಮನೆಯವರು ಬಾಲ್ಕನಿಯಲ್ಲಿ ಶಾಂತವಾಗಿ ಕೂರಬೇಕು ಎಂದರು. ನಾವು ಫೋಟೋ ನೋಡಿ, ರಸ್ತೆ ಕಡೆಗೆ ಗಿಡಗಳ ಗೋಡೆ ಮಾಡೋಣ ಎಂದೆವು. ಇಪ್ಪತ್ತೆರಡು ಕುಂಡ, ಎಲ್ಲದರಲ್ಲೂ ಒತ್ತಾಗಿ ಬೆಳೆಯುವ ಗಿಡ. ಹಸಿರು ಚೆನ್ನಾಗಿ ಬಂತು. ಮೂರು ತಿಂಗಳಾದ ಮೇಲೆ ಆ ಮನೆಯ ಯಜಮಾನರು ಹೇಳಿದರು: "ನೋಡೋಕೆ ಚೆನ್ನಾಗಿದೆ ಸಾರ್. ಆದ್ರೆ ಹಾರ್ನ್ ಮೊದಲಿನಷ್ಟೇ ಕೇಳಿಸ್ತಿದೆ." ಅವರು ಬೈಯಲಿಲ್ಲ. ತಪ್ಪು ಪೂರ್ತಿ ನಮ್ಮದೇ. ಒಂದು ಸಾಲು ಗಿಡ ನೋಟವನ್ನು ಮರೆಮಾಡುತ್ತದೆ, ಸದ್ದನ್ನು ಅಲ್ಲ. ಎಲೆಗಳ ಸಂದಿಯಲ್ಲಿ ಸದ್ದು ಸಲೀಸಾಗಿ ದಾಟಿ ಬರುತ್ತದೆ. ಒಂದು ಗಂಟೆ ಅಲ್ಲಿ ಕೂತಿದ್ದರೆ ಸಾಕಿತ್ತು, ನಮಗೆ ಗೊತ್ತಾಗುತ್ತಿತ್ತು.

ಸದ್ದು ತಡೆಯುವುದು ಭಾರ ಇರುವ, ಸಂದಿ ಇಲ್ಲದ ಗೋಡೆ. ಅದೂ ಸರಿಯಾದ ಎತ್ತರದಲ್ಲಿ. ನಮ್ಮ ಮೇಸ್ತ್ರಿ ಹೊಸಬರಿಗೆ ಹೇಳಿಕೊಡುವುದು ಇಷ್ಟು: ನೀವು ಕೂತ ಜಾಗದಿಂದ ಗಾಡಿ ಕಣ್ಣಿಗೆ ಕಂಡರೆ, ಅದರ ಸದ್ದು ನೇರವಾಗಿ ಕಿವಿಗೆ ಬರುತ್ತದೆ. ಕುರ್ಚಿಯಲ್ಲಿ ಕೂತವರ ಕಿವಿ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಇರುತ್ತದೆ. ನೆಲಮಟ್ಟದ ಹಿತ್ತಿಲಿನಲ್ಲಿ ಆರಡಿ ಜಂಬಿಟ್ಟಿಗೆ ಗೋಡೆ ಕಟ್ಟಿ, ಅದರ ಹತ್ತಿರಕ್ಕೇ ಕೂತರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಅದೇ ಗೋಡೆಯಲ್ಲಿ ಚೆಂದಕ್ಕೆ ಅಂತ ಜಾಲಿ ಕಿಂಡಿ ಬಿಟ್ಟರೆ ಖರ್ಚು ಮಾಡಿದ್ದು ಹಾಗೇ ಸೋರಿಹೋಗುತ್ತದೆ. ಸದ್ದನ್ನು ಅಳೆಯುವುದು ಡೆಸಿಬಲ್‌ನಲ್ಲಿ. ಹತ್ತು ಡೆಸಿಬಲ್ ಕಡಿಮೆಯಾದರೆ ನಮ್ಮ ಕಿವಿಗೆ ಸದ್ದು ಅರ್ಧಕ್ಕೆ ಇಳಿದ ಹಾಗೆ ಅನ್ನಿಸುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಬಸ್ಸು ಓಡಾಡುವ ರಸ್ತೆ ಪಕ್ಕದಲ್ಲಿ ಇರುವವರಿಗೆ ಇದು ಎಷ್ಟು ದೂರದ ಮಾತು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ದುಡ್ಡಿನ ವಿಷಯವನ್ನೂ ನೇರವಾಗಿ ಹೇಳುತ್ತೇವೆ. ಇಲ್ಲಿಯವರೆಗೆ ಏನಾದರೂ ಕಟ್ಟಿದರೆ ಮಾತ್ರ ನಮಗೆ ಆದಾಯ. ಹಾಗಾಗಿ ಕಟ್ಟಬೇಕಾಗಿಲ್ಲದ ಕಡೆಯೂ ಕಟ್ಟಿದ್ದೇವೆ. ಕಳೆದ ಬೇಸಿಗೆಯಲ್ಲಿ ವಿನೋಬನಗರದ ಒಂದು ತಾರಸಿಗೆ ಹೋಗಿ ಕೂತೆವು. ಮನೆಯವರು ಕುರ್ಚಿಯನ್ನು ಪ್ಯಾರಪೆಟ್‌ಗೆ ಒತ್ತಿ ಹಾಕಿಕೊಂಡಿದ್ದರು, ಕೂತಲ್ಲಿಂದ ರಸ್ತೆ ಪೂರ್ತಿ ಕಾಣುತ್ತಿತ್ತು. ಅದನ್ನು ಹನ್ನೆರಡು ಅಡಿ ಹಿಂದಕ್ಕೆ, ನೀರಿನ ಟ್ಯಾಂಕಿನ ನೆರಳಿಗೆ ತಂದೆವು. ಎತ್ತರದ ಕುರ್ಚಿ ತೆಗೆದು ಗಿಡ್ಡ ಬೆಂಚು ಇಟ್ಟೆವು. ರಸ್ತೆ ಮರೆಯಾಯಿತು. ಗದ್ದಲ ಎಷ್ಟೋ ತಗ್ಗಿತು. ಅವರಿಗೆ ಬೇಕಿದ್ದುದು ಅಷ್ಟೇ. ನಮ್ಮ ಕೈಗೆ ಒಂದು ರೂಪಾಯಿ ಬರಲಿಲ್ಲ, ಮೂರು ದಿನದ ಓಡಾಟ ಮಾತ್ರ ಆಯಿತು. ಹೀಗೆ "ನಿಮಗೆ ಏನೂ ಕಟ್ಟುವುದು ಬೇಡ" ಎಂದು ಧೈರ್ಯವಾಗಿ ಹೇಳಬೇಕಾದರೆ ಕೂತಿದ್ದಕ್ಕೆ ಸಂಬಳ ಇರಬೇಕು. 1,500 ರೂಪಾಯಿ ಅದಕ್ಕೆ.

ಇನ್ನೊಂದು ಕಾರಣ ನಮಗೆ ಎಲ್ಲಕ್ಕಿಂತ ಮುಖ್ಯ. ಅದನ್ನು ಕಲಿಸಿದ್ದು ದುರ್ಗಿಗುಡಿಯ ಒಬ್ಬ ಅಜ್ಜಿ. ಅವರ ಮನೆ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಆರು ಅಡಿಗೆ ಒಂಬತ್ತು ಅಡಿ ಜಾಗ. ನಾವು ನಾಲ್ಕೂ ಕಡೆ ಮುಚ್ಚುವ ಯೋಚನೆಯಲ್ಲಿದ್ದೆವು. ಸಂಜೆ ನಾಲ್ಕೂವರೆಗೆ ಅವರ ಜೊತೆ ಕೂತಿದ್ದಾಗ ಮುಂದಿನ ಗೇಟಿನ ಚಿಲಕ ಟಕ್ ಎಂದಿತು. ಅಜ್ಜಿ ಕೈಯಲ್ಲಿದ್ದ ಹೂವಿನ ದಾರ ಹಾಗೇ ಬಿಟ್ಟು, "ಮೊಮ್ಮಗ ಬಂದ" ಎಂದು ಎದ್ದರು. ಎಲ್ಲ ಮುಚ್ಚಿದ್ದರೆ ಆ ಸದ್ದೂ ಹೋಗುತ್ತಿತ್ತು. ಅವರಿಗೆ ಬಸ್ಸಿನ ಹಾರ್ನ್ ಬೇಡ, ಗೇಟಿನ ಚಿಲಕ ಬೇಕು. ಕೊನೆಗೆ ರಸ್ತೆ ಕಡೆಗೆ ಮಾತ್ರ ಗೋಡೆ ಎತ್ತರಿಸಿದೆವು. ಪಕ್ಕದ ಓಣಿಯನ್ನು ತೆರೆದೇ ಬಿಟ್ಟೆವು. ಕೂರಲು ಕಾವಿ ಬಣ್ಣದ ಒಂದು ಕಟ್ಟೆ. ಈಗ ಅವರು ಮಧ್ಯಾಹ್ನ ಅಲ್ಲೇ ಹೂ ಕಟ್ಟುತ್ತಾರೆ. ಯಾವ ಸದ್ದು ಉಳಿಯಬೇಕು ಅನ್ನುವುದು ಫೋಟೋದಲ್ಲಿ ಬರುವುದಿಲ್ಲ.

ಜಾಗ ಚಿಕ್ಕದಾಯಿತು ಎಂದು ಬಹಳ ಜನ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಜಪಾನಿನ ಕ್ಯೋಟೋ ಊರಿನ ಹಳೇ ಅಂಗಡಿ-ಮನೆಗಳ ಒಳಗೆ ತ್ಸುಬೋನಿವಾ ಎಂಬ ಪುಟ್ಟ ತೋಟ ಇರುತ್ತದೆ. ಒಂದು ತ್ಸುಬೋ ಅಂದರೆ ಸುಮಾರು 3.3 ಚದರ ಮೀಟರ್, ಅಂದರೆ ಆರಡಿ ಚೌಕ. ನಮ್ಮ ತೊಟ್ಟಿಮನೆಯೂ ಮಾಡುವುದು ಇದನ್ನೇ: ಸುತ್ತ ಪಡಸಾಲೆ, ನಡುವೆ ಬಯಲು. ಬೀದಿ ಎಷ್ಟೇ ಗದ್ದಲ ಮಾಡಲಿ, ಒಳಗೆ ಆಕಾಶವಷ್ಟೇ ಇರುತ್ತದೆ.

ಕಾರಂಜಿ ಕೇಳುವವರಿಗೆ ಒಂದು ಮಾತು. ನ್ಯೂಯಾರ್ಕಿನಲ್ಲಿ 1967ರಲ್ಲಿ ಶುರುವಾದ ಪೇಲಿ ಪಾರ್ಕ್ ಎಂಬ ಚಿಕ್ಕ ಉದ್ಯಾನದಲ್ಲಿ ಇಪ್ಪತ್ತು ಅಡಿ ಎತ್ತರದಿಂದ ನೀರು ಬೀಳುತ್ತದೆ. ಆ ಸದ್ದಿನಲ್ಲಿ ರಸ್ತೆಯ ಸದ್ದು ಮುಳುಗಿಹೋಗುತ್ತದೆ. ಒಂದೂವರೆ ಅಡಿಯ ಪಂಪ್ ಕಾರಂಜಿ ಆ ಕೆಲಸ ಮಾಡುವುದಿಲ್ಲ. ಪಂಪಿನ ಗುಂಯ್ ಸದ್ದೇ ಜಾಸ್ತಿ ಕೇಳುತ್ತದೆ, ಕರೆಂಟು ಹೋದ ದಿನ ನಿಂತ ನೀರಿಗೆ ಸೊಳ್ಳೆ ಬರುತ್ತದೆ. ಹಾಗಾಗಿ ಪಂಪ್ ಕಾರಂಜಿಯ ಆರ್ಡರ್ ಇನ್ನು ತೆಗೆದುಕೊಳ್ಳುವುದಿಲ್ಲ. ಬದಲಿಗೆ ಸೂರಿನ ನೀರು ದಂಬೆಯಲ್ಲಿ ಹರಿದು, ನೀವು ಕೂರುವ ಜಾಗದ ಎದುರಿಗೇ ಕಲ್ಲಿನ ಮೇಲೆ ಬೀಳುವ ಹಾಗೆ ಮಾಡಿಕೊಡುತ್ತೇವೆ. ಮಳೆಗಾಲಕ್ಕೆ ಅದರಷ್ಟು ಒಳ್ಳೆಯ ಸದ್ದು ಇನ್ನೊಂದಿಲ್ಲ.

ಮಳೆಗಾಲ ಎಂದಾಗ ನೆನಪಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಕೆಲಸ ಮಾಡುವುದಿಲ್ಲ, ಆದರೆ ಬಂದು ಕೂರುವುದಕ್ಕೆ ಅದೇ ಒಳ್ಳೆಯ ಕಾಲ. ಇರಚಲು ಎಲ್ಲಿಯವರೆಗೆ ಹೊಡೆಯುತ್ತದೆ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇವೆ. ಕಟ್ಟೆ ಆ ಗುರುತಿಗಿಂತ ಒಳಗೆ, ಇರಚಲು ತಾಗದ ಕಡೆಗೇ ಬರಬೇಕು. ಇಲ್ಲದಿದ್ದರೆ ನಾಲ್ಕು ತಿಂಗಳು ಆ ಜಾಗ ಸುಮ್ನೆ ಬಿದ್ದಿರುತ್ತದೆ. ಜಾಗ ಹಿಂದಕ್ಕೆ ಸರಿಯದ ಕಡೆ ಅಡಿಕೆ ದಬ್ಬೆಯ ತಟ್ಟಿ ಕಟ್ಟಿಕೊಡುತ್ತೇವೆ, ಬೇಸಿಗೆಗೆ ಬಿಚ್ಚಿಡಬಹುದು.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೇ ರೇಟೇ ಇರುತ್ತದೆ, ಕೂರುವುದಕ್ಕೂ ದುಡ್ಡಿಲ್ಲ. ಕೆಲಸ ಎರಡು ವಾರ ತಡವಾಗಬಹುದು, ದಯವಿಟ್ಟು ಹೊಂದಿಕೊಳ್ಳಿ. ಸದ್ದು ಕಡಿಮೆ ಮಾಡಲು ಎಂದೇ ನಮ್ಮಿಂದ ಗಿಡದ ಗೋಡೆ ಮಾಡಿಸಿಕೊಂಡ ಮನೆಗಳಿಗೆ ಈ ತಿಂಗಳೇ ಬಂದು ನೋಡುತ್ತೇವೆ. ಅಲ್ಲಿ ಏನು ಸರಿಮಾಡಬೇಕೋ ಅದರ ಕೂಲಿ ನಮ್ಮದು, ಸಾಮಾನಿನ ಖರ್ಚು ಮಾತ್ರ ನಿಮ್ಮದು.

ನಾವು ಬರುವ ದಿನ ಮನೆಯಲ್ಲಿ ವಿಶೇಷವಾಗಿ ಏನೂ ಮಾಡಬೇಡಿ. ಮಿಕ್ಸಿ ನಡೆಯಲಿ, ಟಿವಿ ನಡೆಯಲಿ, ಮಕ್ಕಳು ಗಲಾಟೆ ಮಾಡಲಿ. ನೀವು ದಿನಾ ಎಲ್ಲಿ ಕೂರುತ್ತೀರೋ ಅಲ್ಲೇ ಕೂತಿರಿ.

ಇಂತಿ ನಿಮ್ಮ,
ಸಂಘದ ಎಲ್ಲ ಸದಸ್ಯರು
ಶಿವಮೊಗ್ಗ