ನೀರು ನಿಂತಿತು, ಊರು ಎದ್ದಿತು

ಅಪ್ಪ, ಅಮ್ಮ, ಅಜ್ಜಿ, ಪುಟ್ಟಿ, ಎಲ್ಲರಿಗೂ,

ನಾನು ಆರಾಮಾಗಿದ್ದೇನೆ. ಲೋ ಮಂಥಾಂಗ್‌ನಲ್ಲಿ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ, ಫೋನಿನಲ್ಲಿ ಎಲ್ಲ ಹೇಳಲು ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದು ನೇಪಾಳದ ಅಪ್ಪರ್ ಮುಸ್ತಾಂಗ್ ಸೀಮೆ. ದೇಶ ನೇಪಾಳವಾದರೂ ಮಾತು, ಊಟ, ಗುಡಿ ಎಲ್ಲ ಟಿಬೆಟ್ಟಿನದೇ. 1992ರವರೆಗೆ ವಿದೇಶಿಯರನ್ನು ಈ ಕಡೆ ಬಿಡುತ್ತಲೇ ಇರಲಿಲ್ಲವಂತೆ. ಎತ್ತರ ಸುಮಾರು 3,800 ಮೀಟರ್. ಅಮ್ಮಾ, ಹೆದರಬೇಡ, ಮೊದಲು ಸ್ವಲ್ಪ ತಲೆನೋವಿತ್ತು, ಈಗ ಇಲ್ಲ.

ಅಜ್ಜೀ, ಸಾಲಿಗ್ರಾಮ ಸಿಗುವ ಕಾಳಿಗಂಡಕಿ ಹೊಳೆ ಇದೇ ಸೀಮೆಯದು. ಆ ಕಲ್ಲಿನೊಳಗಿನ ಚಕ್ರ, ಕೋಟಿಗಟ್ಟಲೆ ವರ್ಷದ ಹಿಂದೆ ಇಲ್ಲಿ ಸಮುದ್ರವಿದ್ದಾಗ ಬದುಕಿದ್ದ ಜೀವಿಯ ಗುರುತು. ಅಂಥ ಜಾಗದಲ್ಲಿ ಈಗ ನೀರಿಗೇ ಬರ. ಅನ್ನಪೂರ್ಣಾ, ಧೌಲಾಗಿರಿ ಬೆಟ್ಟಗಳು ಮಳೆ ಮೋಡವನ್ನು ಆ ಕಡೆಯೇ ತಡೆದುಬಿಡುತ್ತವೆ. ಮೇಲಿನ ಹಿಮ ಕರಗಿ ಬಂದರೆ ಬೇಸಾಯ, ಬರದಿದ್ದರೆ ಇಲ್ಲ.

ಅಪ್ಪಾ, ನಿಮಗೆ ಹೇಳಲೇಬೇಕಾದದ್ದು ಸಾಮ್‌ಝೋಂಗ್ ಅನ್ನುವ ಊರಿನ ವಿಷಯ. ಸಣ್ಣ ಹಳ್ಳಿ. ಅಲ್ಲಿನ ಬೆಟ್ಟದ ಗವಿಗಳಲ್ಲಿ ಸುಮಾರು 1,500 ವರ್ಷ ಹಳೆಯ ಚಿನ್ನ, ಬೆಳ್ಳಿಯ ಮುಖವಾಡ ಸಿಕ್ಕಿದೆ, ರೇಷ್ಮೆ ಬಟ್ಟೆಯ ಚೂರೂ ಸಿಕ್ಕಿದೆ. ಅಂದರೆ ಅಷ್ಟು ಕಾಲದಿಂದ ಜನ ಓಡಾಡಿದ ಜಾಗ ಅದು. ಹಿಮ ಬೀಳುವುದು ಕಡಿಮೆಯಾಯಿತು, ಹಳ್ಳ ಬತ್ತಿತು, ಹೊಲಕ್ಕೆ ಸಾಲದೆ ಕೊನೆಗೆ ಇಡೀ ಊರೇ ಎದ್ದು ಕೆಳಗೆ ಹೊಳೆ ಹತ್ತಿರ ನಮಶುಂಗ್‌ಗೆ ಬಂತು. ಹೊಸ ಊರಿಗೆ ಜಾಗ ಕೊಟ್ಟದ್ದು ಮುಸ್ತಾಂಗ್‌ನ ಹಳೇ ರಾಜರು. ಅವರು 2016ರಲ್ಲಿ ತೀರಿಕೊಂಡರು. ನಾನು ಮೇಲಿನ ಹಳೇ ಊರಿಗೂ ಹೋಗಿ ಬಂದೆ. ಮಣ್ಣಿನ ಗೋಡೆಗಳು ನಿಂತಿವೆ, ಹೊಲದ ಬದುಗಳು ಹಾಗೇ ಇವೆ, ಕಾಲುವೆಯಲ್ಲಿ ಬರೀ ಧೂಳು. ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ ಬದು ಬಿಟ್ಟು ಬರುವಾಗ ಅವರಿಗೆ ಹೇಗಾಗಿರಬೇಕು! ಇದು ಅವರು ಮಾಡಿದ ತಪ್ಪಿನಿಂದ ಆದದ್ದಲ್ಲ ಅನ್ನುವುದೇ ನನಗೆ ತಡೆಯಲಾಗದ ಸಂಕಟ. ಕಾರೂ ಕಾರ್ಖಾನೆಯೂ ಇಲ್ಲದ ಊರು ಅದು, ಭೂಮಿಯ ಬಿಸಿ ಏರಿಸಿದವರು ಬೇರೆಯವರು.

ನಮಶುಂಗ್‌ನಲ್ಲಿ ನಾನು ಉಳಿದ ಮನೆಯಾಕೆಗೆ ಅಮ್ಮನ ವಯಸ್ಸಿರಬಹುದು. ಸಂಜೆ ತ್ಸಂಪಾ ಕೊಟ್ಟರು, ಬಾರ್ಲಿ ಹುರಿದು ಮಾಡಿದ್ದು, ಥೇಟ್ ನಮ್ಮ ರಾಗಿ ಹುರಿಹಿಟ್ಟು. ಅದನ್ನು ಉಪ್ಪು ಬೆಣ್ಣೆ ಹಾಕಿದ ಟೀಯಲ್ಲಿ ಕಲಸಿ ಉಂಡೆ ಮಾಡಿ ತಿನ್ನಬೇಕು. ಲೋಟ ಅರ್ಧವಾದರೆ ಸಾಕು, ಮತ್ತೆ ತುಂಬಿಸುತ್ತಾರೆ, ಬೇಡ ಅಂದರೂ ಕೇಳಲ್ಲ. ಒಲೆಗೆ ಒಣಗಿದ ಸಗಣಿ. ಸೌದೆಯನ್ನು ಚಾವಣಿಯ ಅಂಚಿನಲ್ಲಿ ಸಾಲಾಗಿ ಪೇರಿಸಿರುತ್ತಾರೆ, ಸುಮ್ನೆ ಉರಿಸುವುದಿಲ್ಲ. ಮಧ್ಯಾಹ್ನ ಆದರೆ ಗಾಳಿ ಶುರು, ಕಣ್ಣು ಬಿಡಲು ಆಗದಷ್ಟು ಧೂಳು.

ಚಳಿಗಾಲದಲ್ಲಿ ಈ ಸೀಮೆಯಲ್ಲಿ ಮುದುಕರೇ ಜಾಸ್ತಿ. ಉಳಿದವರಲ್ಲಿ ತುಂಬಾ ಜನ ಕೆಳಗಿಳಿದು ಪೋಖರಾಕ್ಕೋ, ಉತ್ತರ ಭಾರತದ ಊರುಗಳಿಗೋ ಹೋಗಿ ಸ್ವೆಟರ್ ಮಾರುತ್ತಾರೆ. ಆಕೆಯೂ ಹಾಗೆ ವ್ಯಾಪಾರಕ್ಕೆ ಹೋಗಿ ಬಂದವರು, ಅದಕ್ಕೇ ಹಿಂದಿ ಚೆನ್ನಾಗಿ ಬರುತ್ತದೆ. ನಾನು ಕರ್ನಾಟಕದವನು ಅಂದೆ ನೋಡಿ, ತಕ್ಷಣ ಕೈ ಹಿಡಿದುಕೊಂಡು "ಬೈಲಕುಪ್ಪೆ?" ಅಂದರು. ಅವರ ಕಿರಿಯ ಮಗ ಅಲ್ಲಿನ ಮಠದಲ್ಲಿ ಓದುತ್ತಿದ್ದಾನೆ. ನೋಡಿ ವರ್ಷಗಳೇ ಆದವಂತೆ. ಸೆಖೆಗೆ ಹೊಂದಿಕೊಂಡನಾ, ಅಲ್ಲಿ ಮಳೆ ಬರುತ್ತದಾ, ನೀರಿದೆಯಾ, ಹೀಗೆ ಕೇಳುತ್ತಲೇ ಇದ್ದರು. ಕಾವೇರಿ ಹತ್ತಿರವೇ ಹರಿಯುತ್ತದೆ ಅಂದಾಗ ಮುಖ ಅರಳಿತು.

ಹುಣಸೂರಿನಿಂದ ಬೈಲಕುಪ್ಪೆ ಏನು ದೂರ ಅಲ್ವಾ? ಅಪ್ಪಾ, ಮುಂದಿನ ಭಾನುವಾರ ಅಮ್ಮನನ್ನೂ ಕರೆದುಕೊಂಡು ಹೋಗಿ ಆ ಹುಡುಗನನ್ನು ಮಾತಾಡಿಸಿ ಬನ್ನಿ. ಒಂದು ಫೋಟೋ ತೆಗೆದು ಕಳಿಸಿ, ಇಲ್ಲಿಂದ ಹೊರಡುವ ಮೊದಲು ಆಕೆಗೆ ತೋರಿಸಬೇಕು. ಅವನ ಫೋನ್ ನಂಬರ್ ಪುಟ್ಟಿಗೆ ವಾಟ್ಸಾಪ್ ಮಾಡಿದ್ದೇನೆ. ಚಕ್ಕುಲಿ ಇದ್ದರೆ ತೆಗೆದುಕೊಂಡು ಹೋಗಿ.

ನಿಮ್ಮ ಮಗ