ಸಕ್ಕರೆ ಹಾಕ್ಲಾ ಅಂತ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪುರವಣಿಯಲ್ಲಿ ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ಶುಗರ್ ಹತ್ತಿರ ಸುಳಿಯಲ್ಲ ಅನ್ನುವ ಬರಹವೊಂದು ಬಂದಿತ್ತು. ಓದಿ ಸುಮ್ಮನಿರೋಣ ಅಂದುಕೊಂಡೆ. ಆದರೆ ಅದೇ ಪುಟ ಮಡಚಿಕೊಂಡು ನಮ್ಮ ಬೀದಿಯ ದೊಡ್ಡವರೊಬ್ಬರು ಅಂಗಡಿಗೆ ಬಂದರು. "ನೀನು ಸುಮ್ನೆ ಸಪ್ಪೆ ಟೀ ಕುಡ್ಕೊಂಡು ಕಷ್ಟ ಪಡ್ತಿದ್ದೀಯ ಕಣಪ್ಪ, ನೋಡು, ಪೇಪರ್‌ನಲ್ಲೇ ಬಂದೈತೆ" ಅಂದರು. ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅವತ್ತಿನಿಂದ ದಿನಾ ಎರಡು ಲೋಟ ಬೆಲ್ಲದ ಕಾಫಿ ಶುರು ಮಾಡಿದ್ದಾರಂತೆ. ಅದಕ್ಕೇ ಈ ಪತ್ರ.

ನಾನು ಡಾಕ್ಟರಲ್ಲ. ಮಂಡ್ಯದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಆದರೆ 1933ರಲ್ಲೇ ಸಕ್ಕರೆ ಕಾರ್ಖಾನೆ ಶುರುವಾದ ಊರಿನವನು, ನಮ್ಮ ಭಾವನಿಗೆ ಆಲೆಮನೆಯೂ ಇದೆ, ಹಾಗಾಗಿ ಬೆಲ್ಲದ ವಿಷಯದಲ್ಲಿ ಒಂದೆರಡು ಮಾತು ಆಡುವಷ್ಟು ಗೊತ್ತು. ಕಾರ್ಖಾನೆಗೆ ಹೋಗುವುದೂ ಕಬ್ಬಿನ ಹಾಲೇ, ಆಲೆಮನೆ ಕೊಪ್ಪರಿಗೆಯಲ್ಲಿ ಕುದಿಯುವುದೂ ಕಬ್ಬಿನ ಹಾಲೇ. ಕಾರ್ಖಾನೆಯಲ್ಲಿ ಕಾಕಂಬಿಯನ್ನು, ಅಂದರೆ ಮೊಲಾಸಿಸ್ ಅನ್ನುವ ಕಪ್ಪು ಪಾಕವನ್ನು, ಬೇರೆ ಮಾಡುತ್ತಾರೆ, ಆಲೆಮನೆಯಲ್ಲಿ ಅದು ಬೆಲ್ಲದೊಳಗೇ ಉಳಿಯುತ್ತದೆ. ಅದರಿಂದ ಒಂದಿಷ್ಟು ಕಬ್ಬಿಣದ ಅಂಶ, ಒಂದಿಷ್ಟು ಖನಿಜ ಸಿಗುತ್ತದೆ, ಇಲ್ಲ ಅನ್ನಲ್ಲ. ಆದರೆ 100 ಗ್ರಾಂ ಬೆಲ್ಲದಲ್ಲಿ 80 ಗ್ರಾಂಗಿಂತ ಜಾಸ್ತಿ ಇರುವುದು ಸಕ್ಕರೆಯೇ. ಭಾವನನ್ನು ಕೇಳಿದರೆ ನಗುತ್ತಾನೆ. "ಬೆಲ್ಲ ತಿಂದ್ರೆ ಶುಗರ್ ಬರಲ್ಲ ಅನ್ನೋದಾದ್ರೆ ನನಗ್ಯಾಕೆ ಬಂತು?" ಅನ್ನುತ್ತಾನೆ. ಈಗ ಹೆದ್ದಾರಿ ಹೋಟೆಲುಗಳಲ್ಲೆಲ್ಲ "ಇಲ್ಲಿ ಬೆಲ್ಲದ ಕಾಫಿ ಸಿಗುತ್ತದೆ" ಅಂತ ಬೋರ್ಡು. ರುಚಿಗೆ ಕುಡಿಯಲಿ, ಔಷಧಿ ಅಂತ ಕುಡಿಯುವುದು ಬೇಡ.

ಇನ್ನು ನನ್ನ ಕಥೆ. ಹೋದ ವರ್ಷ ಆಷಾಢದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.3 ಬಂತು. 5.7ರಿಂದ 6.4ರವರೆಗೆ ಇದ್ದರೆ ಇನ್ನೂ ಕಾಯಿಲೆ ಅಲ್ಲ, ಆದರೆ ಬಾಗಿಲಲ್ಲಿ ನಿಂತಿದೆ ಅಂತ ಲೆಕ್ಕ. ಹೀಗೆ ಬಾಗಿಲಲ್ಲಿ ನಿಂತವರು ನಮ್ಮ ದೇಶದಲ್ಲಿ 13 ಕೋಟಿಗೂ ಜಾಸ್ತಿ, ಒಳಗೇ ಹೋದವರು 10 ಕೋಟಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅವರ ಅಧ್ಯಯನ 2023ರಲ್ಲಿ ಹೇಳಿತ್ತು. ಮಗಳು ನರ್ಸಿಂಗ್ ಓದುತ್ತಿದ್ದಾಳೆ. "ಅಪ್ಪಾ, ದಿನಕ್ಕೆ ಎಷ್ಟು ಸಕ್ಕರೆ ತಿಂತೀಯ?" ಅಂದಳು. ನಾನೆಲ್ಲಿ ತಿಂತೀನಿ, ಸ್ವೀಟ್ ಮುಟ್ಟಿ ಎಷ್ಟು ದಿನ ಆಯ್ತು ಅಂದೆ. ಅದು ಸುಳ್ಳೇನೂ ಅಲ್ಲ. ಮೈಸೂರ್‌ಪಾಕು ಕೊಟ್ಟರೆ ತಿನ್ನುತ್ತೇನೆ, ಹುಡುಕಿಕೊಂಡು ಹೋಗುವವನಲ್ಲ.

ಆದರೆ ಟೀ? ನಮ್ಮ ಅಂಗಡಿಗೆ ಸುಟ್ಟ ಮೋಟಾರ್ ಹೊತ್ತುಕೊಂಡು ಬರುವವರೆಲ್ಲ ಕಬ್ಬಿನವರು, ಭತ್ತದವರು. ಮೋಟಾರ್ ಬಿಚ್ಚುವುದಕ್ಕೆ ಮುಂಚೆ ಒಂದು ಟೀ, ಎಷ್ಟಾಗುತ್ತೆ ಅಂತ ಚೌಕಾಸಿ ಮಾಡುವಾಗ ಒಂದು ಟೀ, ತಗೊಂಡು ಹೋಗುವಾಗ ಖುಷಿಗೆ ಒಂದು ಟೀ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಎದುರಿನ ಟೀ ಅಂಗಡಿಯಲ್ಲಿ ಸಕ್ಕರೆ ಮೊದಲೇ ಬೆರೆಸಿಟ್ಟಿರುತ್ತಾರೆ, ಕೇಳುವ ಮಾತೇ ಇಲ್ಲ.

ಮಗಳು ಒಂದು ಉಪಾಯ ಹೇಳಿದಳು. ಒಂದು ದಿನ ನನ್ನ ಪಾಲಿನ ಟೀಯನ್ನೆಲ್ಲ ಸಪ್ಪೆಯಾಗಿ ಮಾಡಿಸಿಕೊಂಡೆ. ಪ್ರತಿ ಸಲ ಅದಕ್ಕೆ ಬೀಳಬೇಕಾಗಿದ್ದ ಸಕ್ಕರೆಯನ್ನು ಒಂದು ಖಾಲಿ ಲೋಟಕ್ಕೆ ಹಾಕಿಸಿದೆ. ಟೀ ಅಂಗಡಿಯ ಹುಡುಗ "ಏನಣ್ಣ, ಹುಚ್ಚು ಗಿಚ್ಚು ಹಿಡೀತಾ" ಅಂತ ನಗುತ್ತಲೇ ಹಾಕಿದ. ಸಂಜೆ ತಾಮ್ರದ ತಂತಿ ತೂಗುವ ತಕ್ಕಡಿ ಮೇಲೆ ಆ ಲೋಟ ಇಟ್ಟೆ. ಲೋಟದ ತೂಕ ಕಳೆದು 66 ಗ್ರಾಂ. ಏಳು ಟೀ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಲೆಕ್ಕದ ಪ್ರಕಾರ ಹೀಗೆ ಮೇಲಿಂದ ಸೇರುವ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಮನೆಯ ಕಾಫಿ, ಬಿಸ್ಕತ್ತು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆ ಲೋಟವನ್ನು ಎರಡು ದಿನ ಮೇಜಿನ ಮೇಲೆ ಹಾಗೇ ಇಟ್ಟಿದ್ದೆ. ಮೂರನೇ ದಿನ ಇರುವೆ ಮುತ್ತಿತು.

ಒಂದೇ ಸಲ ಬಿಡೋಣ ಅಂತ ಹೊರಟೆ. ನಾಲ್ಕನೇ ದಿನ ತಲೆನೋವು, ಸಿಡುಕು, ಗಿರಾಕಿ ಮೇಲೆ ರೇಗಾಟ. ಸಂಜೆ ನಾಲ್ಕು ಗಂಟೆಗಂತೂ ಕೈ ನಡುಗಿದ ಹಾಗೆ ಆಗಿ ಪಕ್ಕದ ಬೇಕರಿಯಲ್ಲಿ ಎರಡು ದಿಲ್‌ಪಸಂದ್ ತಿಂದೆ. ಆಮೇಲೆ ದಾರಿ ಬದಲಿಸಿದೆ. ಟೀ ಏಳರಿಂದ ಮೂರಕ್ಕೆ ಇಳಿಸಿದೆ. ಎರಡು ಚಮಚ ಒಂದೂವರೆ ಆಯಿತು, ಎರಡು ವಾರ ಬಿಟ್ಟು ಒಂದು, ಆಮೇಲೆ ಅರ್ಧ. ನಾಲಿಗೆಗೆ ಗೊತ್ತೇ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ, ಆದರೆ ತಡೆದುಕೊಂಡಿತು. ಸಕ್ಕರೆ ಬದಲು ಟೀಗೆ ಸಿಹಿ ಮಾತ್ರೆ ಹಾಕಿಕೋ ಅಂತ ಸುಮಾರು ಜನ ಹೇಳಿದರು, ಹಾಕಿಕೊಳ್ಳಲಿಲ್ಲ. ಅದರಿಂದ ನಾಲಿಗೆಯ ಸಿಹಿ ಚಪಲ ಹಾಗೇ ಉಳಿಯುತ್ತಲ್ಲ.

ನಿಜವಾಗಿ ಕೈ ಹಿಡಿದದ್ದು ಬೆಳಗಿನ ತಿಂಡಿ. ಮುಂಚೆ ನಾಲ್ಕು ಇಡ್ಲಿ ನುಂಗಿ ಓಡುತ್ತಿದ್ದೆ, ಹನ್ನೊಂದಕ್ಕೆ ಮತ್ತೆ ಹಸಿವು, ಸಂಜೆ ನಾಲ್ಕಕ್ಕೆ ಸಿಹಿ ಬೇಕೇ ಬೇಕು. ಈಗ ತಿಂಡಿಯ ಜೊತೆ ಮೊಳಕೆ ಹೆಸರುಕಾಳಿನ ಉಸಲಿಯೋ ಒಂದು ಮೊಟ್ಟೆಯೋ ಇರಲೇಬೇಕು. ನಾಲ್ಕು ಗಂಟೆಗೆ ಬೇಯಿಸಿದ ಕಡಲೆಕಾಯಿ, ಇಲ್ಲದಿದ್ದರೆ ಹುರಿಗಡಲೆ, ಸೀಬೆಹಣ್ಣು. ಹೊಟ್ಟೆ ತುಂಬಿದ್ದರೆ ನಾಲಿಗೆ ಅಷ್ಟು ಕಾಟ ಕೊಡಲ್ಲ. ಇದು ಯಾವ ಪುಸ್ತಕದ್ದೂ ಅಲ್ಲ, ನನ್ನ ಅನುಭವ.

ಈ ಕಾಳಿನ ಹಾದಿಯಲ್ಲೇ ಬಾಡೂಟವೂ ಕಡಿಮೆ ಆಯಿತು. ನಮ್ಮದು ಬನ್ನೂರು ಕುರಿಯ ಸೀಮೆ. ಭಾನುವಾರ ಮಟನ್, ಬುಧವಾರ ಕೋಳಿ, ನಡುವೆ ಗಿರಾಕಿ ಕೊಡಿಸುವ ಬಿರಿಯಾನಿ ಬೇರೆ. ನಮ್ಮ ಅವ್ವನ ಕಾಲದಲ್ಲಿ ಇಷ್ಟು ಎಲ್ಲಿತ್ತು? ಹೊಸತೊಡಕು, ಮಾರಿಹಬ್ಬ, ಬೀಗರೂಟ, ಇಲ್ಲವೇ ಮನೆಗೆ ನೆಂಟರು ಬಂದರೆ ಹಿತ್ತಿಲ ಕೋಳಿ. ಮಿಕ್ಕ ದಿನವೆಲ್ಲ ಉಪ್ಸಾರು, ಬಸ್ಸಾರು, ಮುದ್ದೆ. ಅವ್ವ ಆರೋಗ್ಯ ನೋಡಿಕೊಂಡು ಹಾಗೆ ತಿಂದಳು ಅಂತ ನಾನು ಹೇಳಲ್ಲ. ದುಡ್ಡಿರಲಿಲ್ಲ, ಅಷ್ಟೇ. ದುಡ್ಡಿದ್ದಿದ್ದರೆ ಅವಳೂ ವಾರಕ್ಕೆರಡು ಸಲ ಬೇಯಿಸುತ್ತಿದ್ದಳು, ಮೂಳೆ ಚೀಪುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಮನೆಯಾಕೆ ಒಂದು ಭಾನುವಾರ ಹಿತಕಿದ ಅವರೆಬೇಳೆಗೆ ಮಟನ್ ಸಾರಿನ ಮಸಾಲೆಯನ್ನೇ ಹಾಕಿದಳು. ಚಕ್ಕೆ, ಲವಂಗ, ಗಸಗಸೆ, ಹುರಿದ ಈರುಳ್ಳಿ, ಕಾಯಿ, ಹಿಡಿ ತುಂಬ ಕೊತ್ತಂಬರಿ ಸೊಪ್ಪು. ವಾಸನೆಗೆ ಪಕ್ಕದ ಮನೆಯವರು "ಏನ್ ಸ್ಪೆಷಲ್ಲು, ನಾಟಿ ಕೋಳಿನಾ?" ಅಂತ ಇಣುಕಿದರು. ನನಗೆ ಬೇಕಾಗಿದ್ದದ್ದು ತುಂಡಲ್ಲ, ಆ ಮಸಾಲೆ, ಆ ಬಿಸಿ, ಭಾನುವಾರ ಅನ್ನುವ ಭಾವ. ಅವರೆಕಾಯಿ ಕಾಲ ಮುಗಿದ ಮೇಲೆ ಅದೇ ಮಸಾಲೆ ಅಲಸಂದೆಗೆ, ಮೊಳಕೆ ಹುರುಳಿಗೆ, ಎಳೆ ಹಲಸಿನಕಾಯಿಗೆ, ಮಳೆಗಾಲದಲ್ಲಿ ಅಣಬೆಗೆ. ಒಣ ಹುರುಳಿ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಮಟನ್ ರೇಟು ನಿಮಗೂ ಗೊತ್ತು. ಲೆಕ್ಕ ನೀವೇ ಹಾಕಿಕೊಳ್ಳಿ.

ಬಾಡು ಪೂರ್ತಿ ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ತಿಂಗಳಿಗೆ ಎರಡು ಸಲ, ಹೊಸತೊಡಕಿಗೆ ತಪ್ಪಿಸಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಸೊಪ್ಪು ಕಾಳಿನಲ್ಲಿ ಬಿ12 ವಿಟಮಿನ್ ಸಿಗುವುದಿಲ್ಲ, ಅದಕ್ಕೆ ಹಾಲು, ಮೊಸರು, ಮೊಟ್ಟೆ ಬಿಡಬಾರದು, ವರ್ಷಕ್ಕೊಮ್ಮೆ ರಕ್ತದಲ್ಲಿ ನೋಡಿಸಿಕೊಳ್ಳಬೇಕು. ಊಟ ಆದ ತಕ್ಷಣ ಟೀ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ, ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತೆ. ಇನ್ನು ಮುದ್ದೆ. ಇಂಡಾಫ್ ಅನ್ನುವ ರಾಗಿ ತಳಿ ಕೊಟ್ಟ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ದುಡಿದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ನಮ್ಮ ಊರ ಪಕ್ಕದಲ್ಲೇ ಇದೆ, ರಾಗಿಗೆ ನಾನು ಕೈ ಮುಗಿಯುತ್ತೇನೆ, 100 ಗ್ರಾಂಗೆ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇರುವ ಧಾನ್ಯ ಇನ್ನೊಂದು ತೋರಿಸಿ ನೋಡೋಣ. ಆದರೆ ರಾಗಿ ತಿಂದರೆ ಶುಗರ್ ಏರಲ್ಲ ಅಂತ ಎರಡು ದೊಡ್ಡ ಮುದ್ದೆ ಇಳಿಸಿ, ದಿನವಿಡೀ ಸ್ಟೂಲ್ ಮೇಲೆ ಕೂತು ತಂತಿ ಸುತ್ತಿದರೆ ಆಗುತ್ತಾ? ಅವ್ವ ಎರಡು ಮುದ್ದೆ ತಿಂದು ನಾಟಿ ಹಾಕಲು ಹೋಗುತ್ತಿದ್ದಳು. ನಾನು ಒಂದಕ್ಕೆ ನಿಲ್ಲಿಸಿದ್ದೇನೆ.

ಎಂಟು ತಿಂಗಳಾದ ಮೇಲೆ ಎಚ್‌ಬಿಎ1ಸಿ 5.8. ತೂಕ 81ರಿಂದ 75. ಇನ್ನೂ ಬಾಗಿಲಲ್ಲೇ ಇದ್ದೇನೆ. ಯುಗಾದಿಗೆ ನಾಲ್ಕು ಒಬ್ಬಟ್ಟು ತಿಂದೆ ಅನ್ನುವುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಇಷ್ಟರಲ್ಲಿ ನನ್ನ ನಾಲಿಗೆ ಕೊಟ್ಟ ಕಾಟಕ್ಕಿಂತ ಜನ ಕೊಟ್ಟ ಕಾಟವೇ ಜಾಸ್ತಿ. ಸಪ್ಪೆ ಟೀ ಅಂದರೆ ಸಾಕು, "ಯಾಕಣ್ಣ, ಶುಗರ್ ಬಂತಾ?" ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳುತ್ತಾರೆ. ಬಂದಿಲ್ಲ ಅಂದರೆ "ಮತ್ಯಾಕೆ, ಹಾಕ್ಕೊಂಡು ಕುಡಿ" ಅಂತಾರೆ. ಬಂದಿದೆ ಅಂದರೆ "ಒಂದಿನಕ್ಕೆ ಏನೂ ಆಗಲ್ಲ ಕುಡಿ" ಅಂತಾರೆ. ಬೀಗರೂಟದಲ್ಲಂತೂ ಎಲೆಗೆ ಅಡ್ಡ ಕೈ ಹಿಡಿದರೆ ಕೈ ಮೇಲೇ ಬಡಿಸುತ್ತಾರೆ. ಹೋದ ತಿಂಗಳು ಒಂದು ಬೀಗರೂಟದಲ್ಲಿ, ಬಾಡು ಬೇಡ, ಬೇರೆ ಏನಿದೆ ಅಂತ ಕೇಳಿದೆ. ಬಡಿಸುವ ಹುಡುಗ ಗಾಬರಿಯಾಗಿ ಅನ್ನ, ತಿಳಿಸಾರು, ಒಂದು ಬಾಳೆಹಣ್ಣು ತಂದಿಟ್ಟ. ಮುನ್ನೂರು ಜನಕ್ಕೆ ಬೇಯಿಸುವಾಗ ಒಂದು ಪಾತ್ರೆ ಕಾಳುಸಾರು ಮಾಡುವುದು ದೊಡ್ಡ ಕೆಲಸವಾ?

ನಮ್ಮ ಗಿರಾಕಿ ಒಬ್ಬರು, ಆರು ಎಕರೆ ಕಬ್ಬು ಇರುವವರು, "ನೀವೆಲ್ಲ ಹಿಂಗೆ ಸಕ್ಕರೆ ಬಿಟ್ಟರೆ ನಾವು ಬದುಕಬೇಕಾ ಬೇಡ್ವಾ?" ಅಂತ ತಮಾಷೆ ಮಾಡಿದರು. ಅವರ ಮೋಟಾರ್ ಸುಟ್ಟರೇ ತಾನೇ ನನ್ನ ಹೊಟ್ಟೆ ತುಂಬುವುದು, ಏನು ಉತ್ತರ ಕೊಡಲಿ? ಆಮೇಲೆ ಟೀ ಬಂತು. ಅವರು ಮೆಲ್ಲಗೆ ಟೀ ಹುಡುಗನಿಗೆ "ನಂಗೂ ಸಪ್ಪೆದೇ ಕೊಡು ಮಗ" ಅಂದರು. ಐದು ವರ್ಷದಿಂದ ಮಾತ್ರೆ ತಗೊಳ್ತಿದ್ದಾರಂತೆ, ಇಷ್ಟು ದಿನ ಹೇಳಿರಲಿಲ್ಲ.

ಹಾಗಾಗಿ ಹೋಟೆಲಿನವರಲ್ಲಿ, ಸಮಾರಂಭ ಮಾಡುವವರಲ್ಲಿ ನನ್ನದು ಒಂದೇ ಕೋರಿಕೆ. ಸಕ್ಕರೆಯನ್ನು ಬೇರೆ ಇಡಿ. ಇಲ್ಲವೇ ಹಾಕುವ ಮುಂಚೆ ಹಾಕ್ಲಾ ಅಂತ ಕೇಳಿ. ಬೇಕಾದವರು ಮೂರು ಚಮಚ ಹಾಕಿಕೊಳ್ಳಲಿ, ಯಾರು ಬೇಡ ಅಂದರು? ಎದುರಿನ ಟೀ ಅಂಗಡಿಯವನು ಈಗ ಸಪ್ಪೆ ಟೀಗೇ ಒಂದು ಫ್ಲಾಸ್ಕ್ ಇಟ್ಟಿದ್ದಾನೆ, ಗುರುತಿಗೆ ಹಿಡಿಗೆ ನನ್ನ ಅಂಗಡಿಯ ತಾಮ್ರದ ತಂತಿ ಸುತ್ತಿದ್ದಾನೆ. ನಿಮ್ಮಲ್ಲಿ ಕೇಳುವುದು ಇಷ್ಟೇ, ಬೆಲ್ಲದ ಬಗ್ಗೆ ಬರೆಯುವಾಗ ಅದರೊಳಗಿನ ಸಕ್ಕರೆ ಎಷ್ಟು ಅಂತಲೂ ಒಂದು ಸಾಲು ಹಾಕಿ. ನಮ್ಮ ಬೀದಿಯ ದೊಡ್ಡವರು ನನ್ನ ಮಾತು ಕೇಳಲ್ಲ, ಪೇಪರ್‌ನಲ್ಲಿ ಬಂದರೆ ಕೇಳುತ್ತಾರೆ.

ಅಂದ ಹಾಗೆ, ಅದೇ ಪುಟದ ಕೆಳಗೆ ಹಾಕಿದ್ದ ಹುರುಳಿ ಕಟ್ಟಿನ ಸಾರು ಮನೆಯಲ್ಲಿ ಮಾಡಿದೆವು, ಚೆನ್ನಾಗಿತ್ತು. ಬೆಳ್ಳುಳ್ಳಿ ಮಾತ್ರ ಸ್ವಲ್ಪ ಕಡಿಮೆ ಬರೆದಿದ್ದೀರಿ.

ಇಂತಿ,
ನಿಮ್ಮ ದಿನದ ಓದುಗ, ಮಂಡ್ಯ